ಅಕ್ಕಿಕಾಳು ಹಿಡಿದ ಕೈ

(ಬಾಗಲಕೋಟೆಯ ನವನಗರದಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ.)

2010ರ ಮೇ ತಿಂಗಳು. ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ ಮದುವೆ. ಲಗ್ನಪತ್ರಿಕೆಯಲ್ಲಿ ಒಬ್ಬಳೇ ಮದುಮಗಳ ಹೆಸರಿತ್ತು. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಓದಿ ಹೊರಗೆ ಹೋಗಿ ನಾಲ್ಕು ವರ್ಷವಾಗಿದ್ದ ಹುಡುಗಿ ಅವಳು. ಹಂದರದೊಳಗೆ ಕಾಲಿಟ್ಟು ನೋಡಿದರೆ ಎರಡು ಜೋಡಿ ಕುಳಿತಿದ್ದವು. ಎರಡನೆಯ ಮದುಮಗಳು ಅವಳ ತಂಗಿ. ಒಂದೂವರೆ ತಿಂಗಳ ಹಿಂದೆ ನನ್ನ ಎದುರಿಗೇ ಎಂಟನೆಯ ತರಗತಿಯ ಪರೀಕ್ಷೆ ಬರೆದವಳು. ಹಣೆಗೆ ಕಟ್ಟಿದ್ದ ದಂಡಿ, ಅಂದರೆ ಬಾಸಿಂಗ, ಅವಳಿಗೆ ದೊಡ್ಡದಾಗಿ ಹುಬ್ಬಿನ ಮೇಲಕ್ಕೆ ಜಾರುತ್ತಿತ್ತು. ಹಿಂದೆ ಕುಳಿತ ಅತ್ತೆಯೊಬ್ಬಳು ಮತ್ತೆ ಮತ್ತೆ ದಾರ ಬಿಗಿಯುತ್ತಿದ್ದಳು.

ಒಬ್ಬ ಹುಡುಗ ತಾಟು ಹಿಡಿದುಕೊಂಡು ಬಂದು ನನ್ನ ಅಂಗೈಗೆ ಅಕ್ಕಿಕಾಳು ಸುರಿದ. ಬಿಸಿಲಿಗೆ ಕೈ ಬೆವೆತಿತ್ತು, ಅರಿಷಿಣ ಹಚ್ಚಿದ ಅಕ್ಕಿ ಅಂಗೈಗೆ ಅಂಟಿಕೊಂಡಿತು. ಮಂಗಳಾಷ್ಟಕ ಮುಗಿಯಿತು, ಬ್ಯಾಂಡು ಬಾರಿಸಿದರು, ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಹಾಕಿದೆ. ಆಮೇಲೆ ಪಂಕ್ತಿಯಲ್ಲಿ ಕುಳಿತು ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ ಉಂಡೆ. ಹೊರಡುವ ಮುನ್ನ ನೂರಾ ಒಂದು ರೂಪಾಯಿ ಮುಯ್ಯಿ ಬರೆಸಿದೆ. ಆ ಮನೆಯವರ ಮುಯ್ಯಿ ಪುಸ್ತಕದಲ್ಲಿ ನನ್ನ ಹೆಸರು ಈಗಲೂ ಇರಬೇಕು.

ಕಾನೂನು ನನಗೆ ಗೊತ್ತಿತ್ತು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರಲ್ಲಿ ಬಂದು 2007ರ ನವೆಂಬರ್‌ನಿಂದ ಜಾರಿಯಲ್ಲಿತ್ತು. ಮಕ್ಕಳ ಸಹಾಯವಾಣಿ 1098 ನಮ್ಮ ಶಾಲೆಯ ಗೋಡೆಯ ಮೇಲೆಯೇ ಬರೆದಿತ್ತು. ಅದನ್ನು ಬರೆಯಿಸಿದ ದಿನ ಪೇಂಟರ್‌ಗೆ ಅಕ್ಷರ ತಿದ್ದಿ ಹೇಳಿಕೊಟ್ಟವಳು ನಾನೇ. ಆ ಹಂದರದಲ್ಲಿ ನನ್ನ ಚೀಲದೊಳಗೆ ಮೊಬೈಲ್ ಇತ್ತು. ತೆಗೆಯಲಿಲ್ಲ.

ಆ ಕಾಯ್ದೆಯಲ್ಲಿ ಒಂದು ಮಾತಿದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ಓದಿರುವುದಿಲ್ಲ. ಬಾಲ್ಯವಿವಾಹ ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಹೇಳುವ ಕಾಯ್ದೆ, ಅಂಥ ಮದುವೆಯನ್ನು ಪ್ರೋತ್ಸಾಹಿಸಿದವರನ್ನೂ ತಪ್ಪಿತಸ್ಥರೆನ್ನುತ್ತದೆ. ಮದುವೆಗೆ ಹಾಜರಾಗುವುದನ್ನು, ಅದರಲ್ಲಿ ಪಾಲ್ಗೊಳ್ಳುವುದನ್ನು ಪ್ರೋತ್ಸಾಹವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲ ಸಲ ಓದಿದಾಗ ಇದು ಅತಿಯಾಯಿತು ಎನ್ನಿಸಿತ್ತು. ಊಟಕ್ಕೆ ಹೋದವರನ್ನೂ ಹಿಡಿಯುವುದೇ ಎಂದುಕೊಂಡಿದ್ದೆ. ಆಮೇಲೆ ಯೋಚಿಸುತ್ತಾ ಹೋದಂತೆ, ಕಾಯ್ದೆ ಬರೆದವರಿಗೆ ಮದುವೆ ಎಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು ಎನ್ನಿಸಿತು. ತಾಳಿ ಕಟ್ಟಲು ಎರಡು ಕೈ ಸಾಕು. ಅದನ್ನು ಮದುವೆ ಎಂದು ಕರೆಯಲು ಊರು ಬೇಕು. ಹಂದರ ಹಾಕುವವನು, ಪತ್ರಿಕೆ ಅಚ್ಚು ಮಾಡುವವನು, ಜವಳಿ ಅಂಗಡಿಯವನು, ಅಡುಗೆಯವರು, ಮುಹೂರ್ತ ತೆಗೆದುಕೊಟ್ಟವರು, ಅಕ್ಕಿಕಾಳು ಹಾಕಿದ ಮುನ್ನೂರು ಕೈಗಳು. ಯಾರೂ ಬಾರದೇ ಹೋದರೆ ಅದು ಕತ್ತಲೆಯಲ್ಲಿ ನಡೆದ ಕೃತ್ಯವಾಗಿ ಉಳಿಯುತ್ತದೆ. ನಾವು ಬರುವುದರಿಂದ ಅದು ಶುಭಕಾರ್ಯವಾಗುತ್ತದೆ.

ಹದಿಮೂರು ವರ್ಷದ ನಂತರ ಆ ಎರಡನೆಯ ಮದುಮಗಳು ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನಾನು ಗುರುತು ಹಿಡಿಯಲಿಲ್ಲ. ಅವಳೇ ‘ಅಕ್ಕಾವರೆ’ ಎಂದು ಕೂಗಿ ಬಂದಳು. ಪಕ್ಕದಲ್ಲಿ ಅವಳ ಮಗಳು ನಿಂತಿದ್ದಳು, ಆರನೆಯ ತರಗತಿಯಂತೆ. ಗಂಡ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುತ್ತಾನೆ, ತಾನೂ ಕೆಲವು ವರ್ಷ ಹೋಗಿದ್ದೆ ಎಂದಳು. ಚಹಾ ಕುಡಿದೆವು. ನನ್ನಿಂದ ಸುಮ್ಮನಿರಲು ಆಗಲಿಲ್ಲ. ಆವತ್ತು ನಿನಗೆ ಏನನ್ನಿಸಿತ್ತು ಎಂದು ಕೇಳಿದೆ. ಅವಳು ಬೇಸರದಿಂದಾಗಲಿ ಸಿಟ್ಟಿನಿಂದಾಗಲಿ ಹೇಳಲಿಲ್ಲ, ಹಳೆಯ ಸಂಗತಿಯೊಂದನ್ನು ನೆನಪಿಸಿಕೊಳ್ಳುವವಳಂತೆ ಹೇಳಿದಳು: ‘ಬೆಳಿಗ್ಗೆಯಿಂದ ಅಳುತ್ತಿದ್ದೆ ಅಕ್ಕಾವರೆ. ಅವ್ವನ ಕೈಯಲ್ಲಿ ಬೈಸಿಕೊಂಡೆ. ನೀವು ಹಂದರದೊಳಗೆ ಬಂದದ್ದು ಕಾಣಿಸಿತು. ನೀವೂ ಬಂದಿದ್ದೀರಿ ಎಂದರೆ ಇದು ಸರಿಯೇ ಇರಬೇಕು ಎಂದುಕೊಂಡು ಸುಮ್ಮನಾದೆ.’

ಈ ಮಾತನ್ನು ಎಷ್ಟೋ ದಿನ ಯಾರಿಗೂ ಹೇಳಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳುವುದಕ್ಕೆ ಒಂದು ಕಾರಣವಿದೆ. ನಾನು ಅಲ್ಲಿ ಸುಮ್ಮನೆ ನಿಂತಿದ್ದೆ, ಕೆಟ್ಟದ್ದೇನೂ ಮಾಡಲಿಲ್ಲ ಎಂದು ನನ್ನ ಮನಸ್ಸನ್ನು ಒಪ್ಪಿಸಿಕೊಂಡಿದ್ದೆ. ಅವಳ ಲೆಕ್ಕದಲ್ಲಿ ನಾನು ಸಾಕ್ಷಿ ಹೇಳಿದ್ದೆ.

ನಾನು ಮೂವತ್ತು ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿದವಳು. ಹಾಗಾಗಿ ವ್ಯಾಕರಣದ ಮೂಲಕವೇ ಒಂದೆರಡು ಮಾತು ಹೇಳುತ್ತೇನೆ. ನಮ್ಮ ಕಡೆ ಯಾವ ತಪ್ಪು ಪದ್ಧತಿಯ ಬಗ್ಗೆ ಕೇಳಿದರೂ ಬರುವ ಉತ್ತರ ಎರಡು. ಒಂದು, ‘ನಡೆದುಕೊಂಡು ಬಂದಿದೆ’. ಈ ವಾಕ್ಯದ ಕರ್ತೃ ಎಲ್ಲಿ? ಯಾರು ನಡೆಸಿಕೊಂಡು ಬಂದರು? ನದಿ ಹರಿದು ಬಂದ ಹಾಗೆ, ಮಳೆ ಬಂದ ಹಾಗೆ ಪದ್ಧತಿ ತಾನೇ ಕಾಲಿನಿಂದ ನಡೆದು ಬಂದಿತೆಂಬಂತೆ ಹೇಳುತ್ತೇವೆ. ಇನ್ನೊಂದು ಉತ್ತರ, ‘ಮಂದಿ ಏನೆಂದಾರು?’ ಇಲ್ಲಿ ಕರ್ತೃ ಇದ್ದಾನೆ, ಮಂದಿ. ಕ್ರಿಯಾಪದ ನೋಡಿ: ಎಂದಾರು. ಸಂಭಾವನಾರ್ಥಕ. ಬಂದಾನು, ಹೋದಾಳು, ಎಂದಾರು. ಇನ್ನೂ ಆಗದೇ ಇರುವುದು, ಆಗಬಹುದೇನೋ ಎಂಬ ಸಂಶಯ. ಮಂದಿ ಏನೂ ಅಂದಿಲ್ಲ. ಅಂದಾರೆಂಬ ಅಂಜಿಕೆಯಲ್ಲಿ ನಾವು ಮಕ್ಕಳ ಬಾಳನ್ನು ಕೊಟ್ಟುಬಿಡುತ್ತೇವೆ.

ಹಾಗೆಂದು ಆ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ನಗರದಲ್ಲಿ ಕುಳಿತು ‘ಮೂಢರು, ತಿಳಿವಳಿಕೆಯಿಲ್ಲದವರು’ ಎಂದು ಬರೆಯುವವರನ್ನು ಕಂಡರೆ ನನಗೆ ಬೇಸರ. ಕಬ್ಬಿನ ಹಂಗಾಮಿಗೆ ಐದಾರು ತಿಂಗಳು ಊರು ಬಿಡುವ ತಂದೆತಾಯಿಗೆ, ಹದಿನಾಲ್ಕು ವರ್ಷದ ಮಗಳನ್ನು ಯಾರ ಮನೆಯಲ್ಲಿ ಬಿಟ್ಟು ಹೋಗಬೇಕೆಂಬುದು ನಿಜವಾದ ಪ್ರಶ್ನೆ. ಏಳನೆಯ ತರಗತಿಗೆ ಊರ ಶಾಲೆ ಮುಗಿದು, ಪ್ರೌಢಶಾಲೆ ಆರು ಕಿಲೋಮೀಟರ್ ಆಚೆ ಇದ್ದು, ಸಂಜೆಯ ಬಸ್ಸು ಬಂದರೆ ಬಂತು ಇಲ್ಲವಾದರೆ ಇಲ್ಲ ಎನ್ನುವ ಕಡೆ ತಾಯಿಗೆ ನಿದ್ದೆ ಬರುವುದಿಲ್ಲ. ಅಕ್ಕನ ಮದುವೆಯ ಹಂದರದಲ್ಲೇ ತಂಗಿಯದೂ ಮುಗಿದರೆ ಒಂದು ಊಟದ ಖರ್ಚು ಉಳಿಯುತ್ತದೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಎನ್ನುತ್ತಾರೆ. ಎದುರು ನಿಂತರೆ ಆ ಮನೆಗೆ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ತರುವುದಿಲ್ಲ. ಸಾವಾದರೆ ಹೆಗಲು ಕೊಡುವವರಿಲ್ಲ. ಇದೆಲ್ಲ ಕಣ್ಣೆದುರಿಗೆ ಕಂಡ ಸತ್ಯ.

ಈ ನೆಲದಲ್ಲಿ ಯಾವ ಭಾಷಣವಾದರೂ ಬಸವಣ್ಣನ ಹೆಸರಿನಿಂದ ಶುರುವಾಗುತ್ತದೆ. ಬಾಗೇವಾಡಿಯ ಬಾಲಕ ಜನಿವಾರ ಬೇಡವೆಂದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬೇಡವೆಂದ ಮೇಲೆ ಅವನು ಆ ಮನೆಯಲ್ಲಿ ಉಳಿಯಲಿಲ್ಲ, ಊರು ಬಿಟ್ಟು ಕೂಡಲಸಂಗಮಕ್ಕೆ ಹೋದ ಎನ್ನುವ ಭಾಗವೂ ಅದೇ ಕಥೆಯಲ್ಲಿದೆ. ಅದನ್ನು ಬೇಗ ದಾಟಿಬಿಡುತ್ತೇವೆ. ಬೇಡ ಎನ್ನುವುದಕ್ಕೆ ಬೆಲೆಯಿದೆ.

ನನ್ನ ಮಾತಿನ ತಿರುಳು ಇಲ್ಲಿದೆ. ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಆ ಹಂದರದಲ್ಲಿ ಹದಿಮೂರು ವರ್ಷದ ಹುಡುಗಿ ‘ಒಲ್ಲೆ’ ಎಂದಿದ್ದರೆ ಏಟು ಬೀಳುತ್ತಿತ್ತು. ಅವಳ ತಾಯಿ ಎಂದಿದ್ದರೆ ಮನೆ ಬಿಡಬೇಕಾಗುತ್ತಿತ್ತು. ಕೂಲಿ ಮಾಡುವ ತಂದೆ ಎಂದಿದ್ದರೆ ಬೀಗತನ ಮುರಿದು, ದೊಡ್ಡ ಮಗಳ ಮದುವೆಯೂ ಅರ್ಧಕ್ಕೆ ನಿಲ್ಲುತ್ತಿತ್ತೇನೋ. ನಾನು ಎಂದಿದ್ದರೆ? ನನ್ನ ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತಿತ್ತು. ನನ್ನ ಮಕ್ಕಳಿಗೆ ಆ ಊರಿನಿಂದ ಹೆಣ್ಣು ಗಂಡು ತರುವ ಪ್ರಸಂಗವಿರಲಿಲ್ಲ. ನನ್ನ ಹೆಣ ಹೊರುವವರು ಬೇರೆ ಊರಿನವರು. ಹೆಚ್ಚೆಂದರೆ ಕೆಲವು ದಿನ ಮುಖ ತಿರುಗಿಸುತ್ತಿದ್ದರು, ವರ್ಗಾವಣೆ ಮಾಡಿಸಲು ಓಡಾಡುತ್ತಿದ್ದರು. ಅಲ್ಲಿ ನೆರೆದಿದ್ದ ಮುನ್ನೂರು ಜನರಲ್ಲಿ ಬೇಡ ಎನ್ನುವುದು ನನಗೆ ಎಲ್ಲರಿಗಿಂತ ಅಗ್ಗವಾಗಿತ್ತು. ಆದ್ದರಿಂದ ಹೊಣೆ ಎಲ್ಲರಿಗಿಂತ ನನ್ನದೇ ಹೆಚ್ಚು. ಊರೆಲ್ಲ ಮಾಡಿದ ತಪ್ಪೆಂದರೆ ಎಲ್ಲರಿಗೂ ಒಂದೊಂದು ಚೂರು ಬರುತ್ತದೆ ಎಂದು ನಾವು ತಿಳಿಯುತ್ತೇವೆ. ಸಮನಾಗಿ ಬರುವುದಿಲ್ಲ. ಸಂಬಳ ಇರುವವರಿಗೆ, ಭೂಮಿ ಇರುವವರಿಗೆ, ಮಠದಲ್ಲಿ ಪೀಠದ ಮೇಲಿರುವವರಿಗೆ, ವರನ ಕಡೆಯವರಿಗೆ, ಪಂಚಾಯಿತಿ ಸದಸ್ಯರಿಗೆ ದೊಡ್ಡ ಪಾಲು ಬರುತ್ತದೆ.

ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವರಿಗೆ ಅರ್ಪಿಸಿ ದೇವದಾಸಿ ಮಾಡುವ ಪದ್ಧತಿಯ ಬಗ್ಗೆ ಯೋಚಿಸುವಾಗ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರು ಜಿಲ್ಲೆಗಳಿಗೂ ಇದರ ಕಳಂಕವಿದೆ. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದೆವು, ದೇವದಾಸಿ ಪದ್ಧತಿಯ ವಿರುದ್ಧ 1934ರಲ್ಲೇ ಕಾನೂನು ಬಂತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಅಷ್ಟಾಗಿಯೂ 1993–94ರಲ್ಲಿ ಮತ್ತು 2007–08ರಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಸೇರಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರು ದೇವದಾಸಿಯರೆಂದು ದಾಖಲಾದರು. 1982ರ ಕಾಯ್ದೆಯ ಪ್ರಕಾರ ಹುಡುಗಿ ಒಪ್ಪಿದ್ದಳು ಎಂಬ ವಾದಕ್ಕೆ ಬೆಲೆಯಿರಲಿಲ್ಲ. ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಅರ್ಪಣೆ ಅಪರಾಧ. ಅದು ಸರಿಯಾದ ಮಾತು. ಎಂಟು ಹತ್ತು ವರ್ಷದ ಕೂಸಿನ ಒಪ್ಪಿಗೆ ಎಂಥದ್ದು? ತಂದೆತಾಯಿ, ಸಂಬಂಧಿಕರು ತಪ್ಪಿತಸ್ಥರಾದರೆ ಆ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಹೆಚ್ಚಿತ್ತು, ಎರಡರಿಂದ ಐದು ವರ್ಷ.

ಕಾನೂನಿಗೆ ಆ ಬಿಗಿ ಬೇಕು ಎಂದು ನಾನೂ ಒಪ್ಪುತ್ತೇನೆ. ಆದರೆ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ತಲೆಗೆ ಎಣ್ಣೆ ಬಾಚಣಿಗೆ ಕಾಣದ ಬಡ ಹುಡುಗಿಯ ಕೂದಲು ಗಂಟುಗಟ್ಟುತ್ತದೆ. ಯಾರೋ ಒಬ್ಬರು ‘ಜಡೆ ಬಂದಿದೆ, ಎಲ್ಲಮ್ಮ ಕರೆದಿದ್ದಾಳೆ’ ಎನ್ನುತ್ತಾರೆ. ಕತ್ತರಿಸಿದರೆ ರಕ್ತ ಕಾರುತ್ತಾಳೆ ಎನ್ನುತ್ತಾರೆ. ತಾಯಿ ನಡುಗುತ್ತಾಳೆ. ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಕಟ್ಟಲು ಮುಂದೆ ನಿಂತವರು, ಆಮೇಲೆ ಆ ಹುಡುಗಿಯ ಮನೆಗೆ ರಾತ್ರಿ ಬಂದವರು, ಬೆಳಿಗ್ಗೆ ಅದೇ ಹುಡುಗಿಯನ್ನು ನೋಡಿ ದಾರಿ ಬಿಟ್ಟು ನಡೆದವರು ಯಾರು? ಆ ತಾಯಿಗಿಂತ ಅವರಿಗೆ ದೇವರ ಅಂಜಿಕೆ ಕಡಿಮೆ ಇತ್ತು, ಆಸ್ತಿ ಹೆಚ್ಚಿತ್ತು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಬಂದಾಗ ಪೆನ್ನು ಎತ್ತಿ ಸುಮ್ಮನೆ ಕುಳಿತ ಮಕ್ಕಳನ್ನು ನಾನು ಕಂಡಿದ್ದೇನೆ. ಆ ಖಾಲಿ ಜಾಗದ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು. ಜೈಲಿಗೆ ಹೋಗುವ ತಾಯಿಯ ಬಗ್ಗೆ ಮಾತನಾಡುವಾಗ ಆ ಹೆಸರನ್ನು ಮರೆಯುವುದು ನ್ಯಾಯವಲ್ಲ.

ಎಲ್ಲ ಹಾನಿಯೂ ಪೊಲೀಸ್ ಠಾಣೆಯ ತನಕ ಹೋಗುವಂಥದ್ದಲ್ಲ. ಕೆಲವು ತೀರಾ ಮೆಲ್ಲಗೆ ನಡೆಯುತ್ತವೆ. ವಿಜಯಪುರದಲ್ಲಿ ನನ್ನ ಗೆಳತಿಯ ಮಗಳ ಮದುವೆ. ಗೆಳತಿಗೆ ಗಂಡ ತೀರಿಹೋಗಿ ಹದಿನಾರು ವರ್ಷ. ಬ್ಲೌಸ್ ಹೊಲಿದು, ಮೆಷಿನ್ ತುಳಿದು ತುಳಿದು ಮೊಣಕಾಲು ನೋವು ತರಿಸಿಕೊಂಡು ಮಗಳನ್ನು ಇಂಜಿನಿಯರ್ ಮಾಡಿದವಳು. ಮುಹೂರ್ತ ಹತ್ತಿರ ಬಂದಾಗ ಅವಳು ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಕಲ್ಯಾಣ ಮಂಟಪದ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಹೊಸ ಇಳಕಲ್ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಡುತ್ತಿದ್ದಳು. ‘ಯಾರು ನಿನ್ನನ್ನು ಇಲ್ಲಿ ನಿಲ್ಲಲು ಹೇಳಿದರು?’ ಎಂದು ಕೇಳಿದೆ. ‘ಯಾರೂ ಹೇಳಿಲ್ಲವೇ’ ಎಂದಳು. ನಿಜ, ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಮೈದುನ ಮತ್ತು ಅವನ ಹೆಂಡತಿ ಧಾರೆಗೆ ಕುಳಿತಿದ್ದರು. ನಾನು ಅವಳ ಕೈ ಹಿಡಿದು ಎಳೆದೆ, ಬರಲಿಲ್ಲ. ಹುಡುಗನ ಮನೆಯವರಿಗೆ ಬೇಸರವಾದರೆ ಮಗಳಿಗೆ ತೊಂದರೆ ಎಂದಳು.

ಅಷ್ಟರಲ್ಲಿ ಮಂಟಪದಿಂದ ಒಂದು ಗಟ್ಟಿ ದನಿ ಕೇಳಿಸಿತು. ಹುಡುಗನ ಆಯಿ, ಅಂದರೆ ಅಜ್ಜಿ, ಎಂಬತ್ತರ ಆಸುಪಾಸಿನ ಮುದುಕಿ, ‘ಹುಡುಗಿಯ ತಾಯಿ ಎಲ್ಲಿ? ತಾಯಿ ಬರದೆ ಹೇಗೆ ಶುರು ಮಾಡುತ್ತೀರಿ?’ ಎಂದು ಕೇಳಿದರು. ಕೇಳಿ ಸುಮ್ಮನೆ ಕುಳಿತರು. ಪುರೋಹಿತರು ಕಾದರು. ಬ್ಯಾಂಡಿನವರು ಕಾದರು. ನನ್ನ ಗೆಳತಿ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿದಳು. ಮಂದಿ ಏನೆಂದರು? ಏನೂ ಅನ್ನಲಿಲ್ಲ. ಬೀಗರ ಮನೆಯ ಹಿರಿಯಳೇ ಕೇಳಿದ ಮೇಲೆ ಅನ್ನುವುದಕ್ಕೆ ಯಾರಿಗೂ ಬಾಯಿರಲಿಲ್ಲ. ಅಂಜಿಕೆಯೆಲ್ಲ ಇದ್ದದ್ದು ವರನ ಕಡೆಯವರ ಬಗ್ಗೆ. ಅದನ್ನು ತೆಗೆದುಹಾಕುವ ಶಕ್ತಿ ಇದ್ದದ್ದೂ ಅವರಿಗೇ. ನಾನು ಎಳೆದರೆ ಬಾರದವಳು ಅವರು ಕೇಳಿದ ಒಂದೇ ಪ್ರಶ್ನೆಗೆ ಬಂದಳು. ಗಂಡುಮಕ್ಕಳ ತಂದೆತಾಯಿಗಳು ಈ ಸಭೆಯಲ್ಲಿ ಇದ್ದೀರಿ. ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಲಿ.

ಸುಮ್ಮನೆ ನಿಂತು ನೋಡುವವರ ಬಗ್ಗೆ ನಮ್ಮ ಹೈಕೋರ್ಟ್ ಕೂಡ ಮಾತನಾಡಿದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಊರು ಬಿಟ್ಟನೆಂದು ಅವನ ತಾಯಿಯನ್ನು ಹುಡುಗಿಯ ಕಡೆಯವರು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ನಿಮಗೆಲ್ಲ ನೆನಪಿದೆ. ಇದು ಯಾವ ಸಂಪ್ರದಾಯವೂ ಅಲ್ಲ ಎಂದು ನೀವು ಹೇಳಬಹುದು. ಜಾತಿಯ ಮರ್ಯಾದೆ, ಮನೆತನದ ಮರ್ಯಾದೆ ಹೆಣ್ಣಿನ ಮೈಯಲ್ಲಿದೆ ಎಂಬ ನಂಬಿಕೆಗಿಂತ ಹಳೆಯ ಸಂಪ್ರದಾಯ ನನಗೆ ಗೊತ್ತಿಲ್ಲ. ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ನೆರೆದಿದ್ದವರಲ್ಲಿ ಬಿಡಿಸಲು ಮುಂದಾದವನು ಒಬ್ಬನೇ, ಅವನಿಗೂ ಏಟು ಬಿತ್ತು, ಉಳಿದವರು ನೋಡುತ್ತಾ ನಿಂತಿದ್ದರು ಎಂಬುದು ನ್ಯಾಯಪೀಠವನ್ನು ಬಹಳ ಕಾಡಿತು. ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕನ ಕಾಲದಲ್ಲಿ ಇಡೀ ಊರಿನ ಮೇಲೆ ಹಾಕುತ್ತಿದ್ದ ಪುಂಡ ಕಂದಾಯವನ್ನು ನ್ಯಾಯಪೀಠ ನೆನಪಿಸಿತು. ಊರಿಗೆಲ್ಲ ಒಂದೇ ದಂಡ ಹಾಕುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಬಿಡಿಸಲು ಹೋದವನೂ ಅದೇ ಊರಿನವನು, ಅವನಿಂದಲೂ ವಸೂಲಿ ಮಾಡುತ್ತೀರಾ? ಬಾಗಿಲು ಹಾಕಿಕೊಂಡು ಒಳಗೆ ನಡುಗುತ್ತಿದ್ದ ಮುದುಕಿಗೂ, ಕಟ್ಟೆಯ ಮೇಲೆ ಕುಳಿತು ನೋಡಿದ ಯಜಮಾನನಿಗೂ ಒಂದೇ ಅಳತೆಯೇ? ಆದರೆ ನಿಂತು ನೋಡುವುದು ಕೂಡ ಒಂದು ಕೆಲಸ, ಅದಕ್ಕೂ ಲೆಕ್ಕ ಕೊಡಬೇಕು ಎಂದು ನ್ಯಾಯಾಲಯವೇ ಹೇಳಿದ್ದು ದೊಡ್ಡ ಸಂಗತಿ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ನಾನು ಮಾಡಿ ನೋಡಿದ್ದನ್ನೇ ಹೇಳುತ್ತೇನೆ. ಆ ಮದುವೆಯ ಮರುವರ್ಷ ಎಂಟನೆಯ ತರಗತಿಯ ಹುಡುಗಿಯರ ತಾಯಂದಿರನ್ನು ಒಬ್ಬೊಬ್ಬರನ್ನಾಗಿ ಅವರವರ ಮನೆಯಲ್ಲಿ ಮಾತನಾಡಿಸಿದೆ. ಹದಿನಾಲ್ಕು ಮಂದಿ ಇದ್ದರು. ಮಗಳು ಹತ್ತನೆಯ ತರಗತಿ ಮುಗಿಸುವ ತನಕ ಮದುವೆಯ ಮಾತು ಬೇಡವೆಂದರೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದೆ. ಹದಿನಾಲ್ಕೂ ಮಂದಿ ಹೂಂ ಎಂದರು. ಹಿಂದೆಯೇ ಪ್ರತಿಯೊಬ್ಬರೂ ಒಂದು ಮಾತು ಸೇರಿಸಿದರು: ‘ನನಗೆ ಒಪ್ಪಿಗೆ ಅಕ್ಕಾವರೆ, ನಮ್ಮ ಮಂದಿ ಕೇಳುವುದಿಲ್ಲ.’ ಒಂದು ಅಮಾವಾಸ್ಯೆಯ ದಿನ, ಹೊಲದ ಕೆಲಸಕ್ಕೆ ಬಿಡುವಿದ್ದಾಗ, ಎಲ್ಲರನ್ನೂ ಶಾಲೆಯ ಜಗುಲಿಯಲ್ಲಿ ಕೂರಿಸಿ ಅವರು ಹೇಳಿದ್ದನ್ನು ಅವರಿಗೇ ತಿಳಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬಳು ಪಕ್ಕದವಳ ಕಡೆ ತಿರುಗಿ, ‘ನೀನೂ ಹಾಗೇ ಹೇಳಿದೆಯಾ?’ ಎಂದಳು. ಪಕ್ಕದವಳು, ‘ನೀನು ಒಪ್ಪುವುದಿಲ್ಲ ಎಂದುಕೊಂಡಿದ್ದೆ’ ಎಂದಳು. ಒಬ್ಬರಿಗೊಬ್ಬರು ಮಂದಿಯಾಗಿದ್ದರು.

ಆ ಹದಿನಾಲ್ಕು ಹುಡುಗಿಯರಲ್ಲಿ ಇಬ್ಬರ ಮದುವೆ ಆಗಿಯೇಹೋಯಿತು. ಒಂದು ಬೇರೆ ಊರಿನ ಜಾತ್ರೆಯ ಸಾಮೂಹಿಕ ವಿವಾಹದಲ್ಲಿ, ಇನ್ನೊಂದು ಸೋದರಮಾವನ ಜೊತೆ, ಗಡಿಯಾಚೆ. ಹನ್ನೆರಡು ಮಂದಿ ಹತ್ತನೆಯ ತರಗತಿ ಮುಗಿಸಿದರು.

ಆ ಇಬ್ಬರ ವಿಷಯದಲ್ಲಿ ನಾನು ಎಲ್ಲಿ ಎಡವಿದೆ ಎಂಬುದು ತಿಳಿದದ್ದು ಆಫ್ರಿಕಾದ ಸೆನೆಗಲ್ ದೇಶದ ಒಂದು ಸಂಗತಿಯನ್ನು ಓದಿದ ಮೇಲೆ. ಅಲ್ಲಿಯ ಕೆಲವು ಸಮುದಾಯಗಳಲ್ಲಿ ಹೆಣ್ಣುಮಕ್ಕಳ ಜನನಾಂಗವನ್ನು ಕತ್ತರಿಸುವ ಕ್ರೂರ ಪದ್ಧತಿ ಇತ್ತು. ಕತ್ತರಿಸದ ಹುಡುಗಿಯನ್ನು ಯಾರೂ ಮದುವೆಯಾಗುತ್ತಿರಲಿಲ್ಲ. 1997ರಲ್ಲಿ ಮಾಲಿಕುಂಡಾ ಬಂಬಾರಾ ಎಂಬ ಹಳ್ಳಿಯ ಹೆಂಗಸರು ಇನ್ನು ಮುಂದೆ ನಮ್ಮ ಮಕ್ಕಳಿಗೆ ಇದನ್ನು ಮಾಡುವುದಿಲ್ಲ ಎಂದು ಎಲ್ಲರೆದುರು ಸಾರಿದರು. ಸುತ್ತಲಿನ ಹಳ್ಳಿಗಳವರು ಅವರ ಮೇಲೆ ಸಿಟ್ಟಾದರು. ಆಗ ಡೆಂಬಾ ಡಿಯವಾರಾ ಎಂಬ ಹಿರಿಯ ಇಮಾಮರು ಒಂದು ಮಾತು ಹೇಳಿದರು: ನಮ್ಮ ಬಂಧುಬಳಗ ಒಂದೇ ಹಳ್ಳಿಯಲ್ಲಿಲ್ಲ, ಯಾರ ಜೊತೆ ಹೆಣ್ಣು ಗಂಡು ಕೊಟ್ಟು ತರುತ್ತೇವೋ ಆ ಹಳ್ಳಿಗಳೆಲ್ಲ ಕೂಡಿಯೇ ತೀರ್ಮಾನ ಮಾಡಬೇಕು. ಹೇಳಿ ಸುಮ್ಮನಾಗಲಿಲ್ಲ, ನಡೆದುಕೊಂಡು ಹಳ್ಳಿಯಿಂದ ಹಳ್ಳಿಗೆ ಹೋದರು. 1998ರ ಫೆಬ್ರುವರಿಯಲ್ಲಿ 13 ಹಳ್ಳಿಗಳು ಒಟ್ಟಾಗಿ ಆ ಪದ್ಧತಿಯನ್ನು ಬಿಟ್ಟೆವೆಂದು ಸಾರಿದವು. ಅಲ್ಲಿಂದ ಮುಂದೆ ಸಾವಿರಾರು ಹಳ್ಳಿಗಳು ಅದೇ ದಾರಿ ಹಿಡಿದವು.

ನಾನು ಊರಿನೊಳಗೆ ಮಾತ್ರ ಮಾತನಾಡಿದ್ದೆ. ಬೀಗರ ಊರಿಗೆ ಹೋಗಿರಲಿಲ್ಲ. ನಮ್ಮ ಕಡೆಯ ಹಳ್ಳಿಯ ಪ್ರಪಂಚ ಗ್ರಾಮ ಪಂಚಾಯಿತಿಯ ಗಡಿಗೆ ಮುಗಿಯುವುದಿಲ್ಲ, ಅದು ಸೋದರತ್ತೆಯ ಊರು, ಸೋದರಮಾವನ ಊರು, ಅಕ್ಕನನ್ನು ಕೊಟ್ಟ ಊರು ಎಂದು ಹಬ್ಬಿಕೊಂಡಿದೆ. ಜಮಖಂಡಿಯ ಕಡೆ ಹೆಣ್ಣು ಕೇಳುವವರು ಅಥಣಿಯ ಕಡೆಯವರು, ಇಂಡಿ ತಾಲ್ಲೂಕಿನ ಕಡೆಯಿಂದ ಸೊಲ್ಲಾಪುರಕ್ಕೆ ಬೀಗತನ. ಒಂದು ಊರಿನ ಅಧಿಕಾರಿ ತಡೆದರೆ ಇನ್ನೊಂದು ಊರಿನಲ್ಲಿ ಹಂದರ ಏಳುತ್ತದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ 2017ರಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದು ಹುಡುಗಿಗೆ ದೊಡ್ಡ ಆಸರೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ: 20ರಿಂದ 24 ವರ್ಷದ ಮಹಿಳೆಯರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ರಾಜ್ಯದಲ್ಲಿ 2015–16ರಲ್ಲಿ ಶೇ 21.4, 2019–21ರಲ್ಲಿ ಶೇ 21.3. ಕಾಯ್ದೆ ಬಿಗಿಯಾಯಿತು, ಅಂಕಿ ಕದಲಲಿಲ್ಲ.

ಕೊನೆಗೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು, ಯಾಕೆಂದರೆ ಎಲ್ಲ ಸಭೆಯಲ್ಲೂ ಒಬ್ಬ ಹಿರಿಯರು ಎದ್ದು ನಿಂತು ಕೇಳುತ್ತಾರೆ: ಹಿರಿಯರು ಹಾಕಿಕೊಟ್ಟದ್ದನ್ನು ಬಿಡಲು ಆಗುತ್ತದೆಯೇ? ಅವರಿಗೆ ನಾನು ಗೌರವದಿಂದ ಹೇಳುವುದು ಇಷ್ಟೇ. ನಾವು ಕುಳಿತಿರುವ ಈ ಜಾಗ ನವನಗರ. ಆಲಮಟ್ಟಿಯ ಹಿನ್ನೀರು ಏರಿದಾಗ ನಮ್ಮಲ್ಲಿ ಎಷ್ಟೋ ಮಂದಿ ಹಿರಿಯರು ಕಟ್ಟಿದ ಮನೆ ಬಿಟ್ಟರು, ಅಜ್ಜ ಮುತ್ತಜ್ಜರ ಸಮಾಧಿ ಇದ್ದ ಹೊಲ ಬಿಟ್ಟರು. ಗುಡಿಯ ದೇವರನ್ನು ಎತ್ತಿಕೊಂಡು ಬಂದು ಹೊಸ ಜಾಗದಲ್ಲಿ ಕೂರಿಸಿ ಪೂಜೆ ಮಾಡಿದರು. ನನ್ನ ತವರುಮನೆಯ ತಲೆಬಾಗಿಲನ್ನು ಅಪ್ಪ ಬಿಚ್ಚಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು, ಹೊಸ ಮನೆಗೆ ಅದೇ ಬಾಗಿಲು ಕೂರಿಸಿದರು. ಒಲೆಯ ಕಲ್ಲನ್ನು ಅಲ್ಲೇ ಬಿಟ್ಟರು. ಯಾವುದನ್ನು ಹೊತ್ತು ತರಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂದು ಆಗ ನಾವು ಮನೆ ಮನೆಯಲ್ಲಿ ಕುಳಿತು ಆರಿಸಿದ್ದೇವೆ. ಸಂಕಟಪಟ್ಟು ಆರಿಸಿದ್ದೇವೆ. ಆ ಕೆಲಸ ನಮಗೆ ಬಾರದ್ದಲ್ಲ.

ಇಷ್ಟು ಹೇಳಿ ನಾನು ಆವತ್ತು ಮಾತು ಮುಗಿಸಿದ್ದೆ. ಸಭೆ ಚದುರಿದ ಮೇಲೆ ನಡೆದದ್ದನ್ನು ಇಲ್ಲಿ ಸೇರಿಸಬೇಕು. ಒಬ್ಬ ಅಂಗನವಾಡಿ ಕಾರ್ಯಕರ್ತೆ ಬಳಿಗೆ ಬಂದು, ವ್ಯಾನಿಟಿ ಬ್ಯಾಗಿನಿಂದ ಮಡಿಸಿದ ಲಗ್ನಪತ್ರಿಕೆಯೊಂದನ್ನು ತೆಗೆದರು. ಇಪ್ಪತ್ತು ದಿನಕ್ಕೆ ಮುಹೂರ್ತ. ಒಬ್ಬಳೇ ಮದುಮಗಳ ಹೆಸರು. ‘ಮನೆಯಲ್ಲಿ ಎರಡು ದಂಡಿ ತಂದಿಟ್ಟಿದ್ದಾರೆ ಅಕ್ಕಾವರೆ, ನಾನು ಕಣ್ಣಾರೆ ನೋಡಿದೆ’ ಎಂದರು. ತಂಗಿ ಒಂಬತ್ತನೆಯ ತರಗತಿ. 1098ಕ್ಕೆ ಕರೆ ಮಾಡುವುದು ಇದ್ದೇ ಇದೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸುತ್ತೇನೆ, ಅದಕ್ಕೆ ಮೊದಲು ಮನೆಯವರನ್ನು ಒಪ್ಪಿಸಲು ದಾರಿ ಇದೆಯೇ ಎಂದು ಕೇಳಿದರು.

ಇಬ್ಬರೂ ವೇದಿಕೆಯ ಮೆಟ್ಟಿಲ ಮೇಲೆ ಕುಳಿತೆವು. ಪತ್ರಿಕೆಯ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂದು ಅಚ್ಚಾಗಿತ್ತು. ಅದರಡಿ ಇಪ್ಪತ್ತಾರು ಹೆಸರುಗಳು. ಕಾಕಂದಿರು, ಮಾವಂದಿರು, ಅಳಿಯಂದಿರು, ಒಬ್ಬ ನಿವೃತ್ತ ಕಂಡಕ್ಟರ್, ಒಬ್ಬ ಪಂಚಾಯಿತಿ ಸದಸ್ಯ. ಕಾರ್ಯಕರ್ತೆ ಪೆನ್ನು ಕೊಟ್ಟರು. ಆ ಮನೆಯವರು ಯಾರ ಮಾತು ತೆಗೆದುಹಾಕುವುದಿಲ್ಲವೋ, ಯಾರಿಗೆ ಬೇಡ ಎನ್ನುವುದರಿಂದ ಹೆಚ್ಚು ನಷ್ಟವಿಲ್ಲವೋ ಅಂಥವರ ಹೆಸರಿನ ಮುಂದೆ ಗುರುತು ಹಾಕುತ್ತಾ ಹೋದೆವು. ನಾಲ್ಕು ಹೆಸರು ಸಿಕ್ಕವು. ಮೊದಲನೆಯದು ಹುಡುಗಿಯ ದೊಡ್ಡ ಸೋದರಮಾವ, ಮುಧೋಳದ ಕಡೆ ಪ್ರೌಢಶಾಲೆಯಲ್ಲಿ ಮೇಷ್ಟ್ರು. ಅವರ ನಂಬರು ಕಾರ್ಯಕರ್ತೆಯ ಮೊಬೈಲ್‌ನಲ್ಲೇ ಇತ್ತು. ಹಚ್ಚಿ ನನ್ನ ಕೈಗೆ ಕೊಟ್ಟರು.